ಪೈಥಾನನ್ನು ನೀವೇ ಬಿಲ್ಡ್ ಮಾಡಿ, ಮೊದಲ ಪ್ಯಾಚ್ ಕಳಿಸಿ

ಪೈಥಾನಿನಲ್ಲಿ ವರ್ಷಗಟ್ಟಲೆ ಕೋಡ್ ಬರೆದವರಲ್ಲೂ ಎಷ್ಟೋ ಜನ ಪೈಥಾನನ್ನೇ ಒಮ್ಮೆ ಬಿಲ್ಡ್ ಮಾಡಿ, ಅಂದರೆ ಅದರ ಮೂಲ ಕೋಡಿನಿಂದ ಓಡುವ ಪ್ರೋಗ್ರಾಮ್ ತಯಾರಿಸಿ, ನೋಡಿರುವುದಿಲ್ಲ. ಕೇಳಿದರೆ "ಅಯ್ಯೋ, ಅದು ಕಂಪೈಲರ್ ಓದಿದವರ ಕೆಲಸ" ಅಂತಾರೆ. ಹಾಗೇನೂ ಇಲ್ಲ. ಬಿಲ್ಡ್ ಮಾಡೋದು ಒಂದು ಕಾಫಿ ಕುಡಿದು ಮುಗಿಸುವಷ್ಟರ ಕೆಲಸ. ಕಾಲೇಜಿನಲ್ಲಿ ಓದಿದ ಸಿ ಭಾಷೆ ಮರೆತಿದ್ದರೂ ನಡೆಯುತ್ತೆ, ಯಾಕಂದ್ರೆ ಸ್ಟ್ಯಾಂಡರ್ಡ್ ಲೈಬ್ರರಿಯ ಬಹುಪಾಲು ಪೈಥಾನಿನಲ್ಲೇ ಬರೆದದ್ದು. ಕಷ್ಟ ಇರೋದು ಬೇರೆ ಕಡೆ: ನೀವು ಕಳಿಸಿದ ಪ್ಯಾಚನ್ನು, ಅಂದರೆ ಕೋಡಿನ ತಿದ್ದುಪಡಿಯನ್ನು, ಕೂತು ಓದೋಕೆ ಯಾರಿಗಾದರೂ ಪುರುಸೊತ್ತು ಇರಬೇಕಲ್ಲ, ಅಲ್ಲಿ. ಕೋಡ್ ಬರೆಯುವವರಿಗೆ ಬರವಿಲ್ಲ. ಓದಿ, ಪರೀಕ್ಷಿಸಿ, "ಸರಿ, ಇದು ಒಳಗೆ ಹೋಗಲಿ" ಅಂತ ಜವಾಬ್ದಾರಿ ಹೊರುವವರಿಗೆ ಬರ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಈ ಯೋಜನೆಯ ನಿಯಮಗಳು ಯಾಕೆ ಹಾಗಿವೆ ಅಂತ ತಾನಾಗೇ ಅರ್ಥ ಆಗುತ್ತೆ.

ನಾವು ಮಾತಾಡ್ತಿರೋದು ಸಿಪೈಥಾನ್ ಬಗ್ಗೆ, ಅಂದರೆ ಪೈಥಾನ್ ಅಂತ ಡೌನ್‌ಲೋಡ್ ಮಾಡಿದಾಗ ಸಾಮಾನ್ಯವಾಗಿ ನಿಮಗೆ ಸಿಗುವ ಪ್ರೋಗ್ರಾಮ್. ಗೀಡೊ ವಾನ್ ರಾಸಮ್ ಇದನ್ನು 1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಗಣಿತ ಮತ್ತು ಕಂಪ್ಯೂಟರ್ ಸಂಶೋಧನಾ ಕೇಂದ್ರದಲ್ಲಿ ಇದ್ದಾಗ ಶುರು ಮಾಡಿದರು. ಮೊದಲ ಆವೃತ್ತಿ ಹೊರಗೆ ಬಂದದ್ದು 1991ರ ಫೆಬ್ರವರಿಯಲ್ಲಿ. ಕೋಡ್ 2017ರಿಂದ ಗಿಟ್‌ಹಬ್‌ನಲ್ಲಿದೆ (ಕೋಡ್ ಇಟ್ಟು ಜೊತೆಗೂಡಿ ಕೆಲಸ ಮಾಡುವ ಜಾಲತಾಣ), ಬಗ್‌ಗಳ ಪಟ್ಟಿ 2022ರಲ್ಲಿ ಅಲ್ಲಿಗೇ ಬಂತು. ಹಾಗಾಗಿ ಗಿಟ್‌ಹಬ್ ಗೊತ್ತಿದ್ದರೆ ಹೊಸ ಜಾಗ ಅಂತ ಅನ್ನಿಸೋದಿಲ್ಲ.

ಒಂದು ಮಾತು. ಕೆಳಗೆ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಚಿಹ್ನೆಗಳು ಇದ್ದ ಹಾಗೇ ಇವೆ. ಟೈಪ್ ಮಾಡುವಾಗ ಇಂಗ್ಲಿಷ್ ರೂಪ ಬೇಕು. ಅದರಲ್ಲಿ ಬಹುಪಾಲು ಪೈಥಾನಿನ ಅಧಿಕೃತ ಡೆವ್‌ಗೈಡ್‌ನಲ್ಲಿ (ಡೆವಲಪರ್‌ಗಳ ಕೈಪಿಡಿ) ಇದೆ, ಆ ಪುಟವನ್ನು ಪಕ್ಕದ ಟ್ಯಾಬಿನಲ್ಲಿ ತೆರೆದಿಟ್ಟುಕೊಳ್ಳಿ.

ಮೊದಲು ಬಿಲ್ಡ್

ಗಿಟ್‌ಹಬ್‌ನಲ್ಲಿ ಸಿಪೈಥಾನ್ ರೆಪೊವನ್ನು (ಕೋಡ್ ಮತ್ತು ಅದರ ಇತಿಹಾಸ ಇರುವ ಸಂಗ್ರಹ) ನಿಮ್ಮ ಖಾತೆಗೆ ಫೋರ್ಕ್ ಮಾಡಿ, ಅಂದರೆ ನಿಮ್ಮದೇ ಪ್ರತಿ ಮಾಡಿಕೊಳ್ಳಿ, ಆ ಫೋರ್ಕನ್ನು ಕ್ಲೋನ್ ಮಾಡಿ ನಿಮ್ಮ ಕಂಪ್ಯೂಟರಿಗೆ ಇಳಿಸಿ. ಮೂರು ದಶಕ ದಾಟಿದ ಇತಿಹಾಸ ಪೂರ್ತಿ ಇಳಿಯುತ್ತೆ. ಊರಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾಡ್ತಿದ್ದರೆ ಬೇಜಾರಾಗುತ್ತೆ. ಆಗ ಕ್ಲೋನ್ ಕಮಾಂಡಿಗೆ --ಫಿಲ್ಟರ್=ಬ್ಲಾಬ್:ನನ್ ಅಂತ ಸೇರಿಸಿ. ಹಳೆಯ ಫೈಲುಗಳ ಒಳಗಿನದ್ದು ಬೇಕಾದಾಗ ಮಾತ್ರ ಇಳಿಯುತ್ತೆ, ಆದರೆ ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಇತಿಹಾಸ ಇರುತ್ತೆ. ಕೊನೆಯ ಕಮಿಟ್ ಮಾತ್ರ ಇಳಿಸುವ --ಡೆಪ್ತ್ 1 ಹಾಕುವವರೂ ಇದ್ದಾರೆ. ನಾನು ಅದನ್ನು ಹೇಳೋದಿಲ್ಲ. ಈ ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ನೋಡೋದೇ ಈ ಕೆಲಸದಲ್ಲಿ ಅರ್ಧ, ಅದು ಹೋದರೆ ಕಣ್ಣು ಕಟ್ಟಿದ ಹಾಗೆ. ಕ್ಲೋನ್ ಆದ ಮೇಲೆ ಮೂಲ ರೆಪೊವನ್ನು ಅಪ್‌ಸ್ಟ್ರೀಮ್ ಅನ್ನುವ ಹೆಸರಿನಲ್ಲಿ ರಿಮೋಟ್ ಆಗಿ ಸೇರಿಸಿಕೊಳ್ಳಿ.

ಉಬುಂಟು ಅಥವಾ ಡೆಬಿಯನ್ ಇದ್ದರೆ ಬಿಲ್ಡ್-ಎಸೆನ್ಷಿಯಲ್ ಮತ್ತು ಪಿಕೆಜಿ-ಕಾನ್ಫಿಗ್ ಹಾಕಿಕೊಂಡರೆ ಕೆಲಸ ಶುರುವಾಗುತ್ತೆ. ಇದರ ಜೊತೆಗೆ ಓಪನ್‌ಎಸ್‌ಎಸ್‌ಎಲ್, ಲಿಬ್‌ಎಫ್‌ಎಫ್‌ಐ, ಜೆಡ್‌ಲಿಬ್, ರೀಡ್‌ಲೈನ್, ಎಸ್‌ಕ್ಯೂಲೈಟ್ ಇವುಗಳ ಡೆವ್ ಪ್ಯಾಕೇಜ್‌ಗಳು ಬೇಕು. ಇವು ಇಲ್ಲದಿದ್ದರೂ ಬಿಲ್ಡ್ ಆಗುತ್ತೆ. ಆದರೆ ಎಸ್‌ಎಸ್‌ಎಲ್, ಸಿಟೈಪ್ಸ್ ತರಹದ ಮಾಡ್ಯೂಲ್‌ಗಳು ಇಲ್ಲದ ಪೈಥಾನ್ ಸಿಗುತ್ತೆ. ಬಿಲ್ಡ್ ಮುಗಿದಾಗ ಕೊನೆಯಲ್ಲಿ ಯಾವ ಐಚ್ಛಿಕ ಮಾಡ್ಯೂಲ್ ಬಿಲ್ಡ್ ಆಗಲಿಲ್ಲ ಅಂತ ಪಟ್ಟಿ ಬರುತ್ತೆ, ಸುಮ್ನೆ ಸ್ಕ್ರೋಲ್ ಮಾಡಿ ಬಿಡಬೇಡಿ, ಓದಿ. ಮ್ಯಾಕ್ ಇದ್ದರೆ ಎಕ್ಸ್‌ಕೋಡ್‌ನ ಕಮಾಂಡ್ ಲೈನ್ ಟೂಲ್ಸ್ ಬೇಕು, ಓಪನ್‌ಎಸ್‌ಎಸ್‌ಎಲ್ ಅನ್ನು ಹೋಮ್‌ಬ್ರೂನಿಂದ ಹಾಕಿಕೊಳ್ಳಿ.

ಈಗ ರೆಪೊ ಫೋಲ್ಡರಿನ ಒಳಗೆ ನಿಂತು:

./ಕಾನ್ಫಿಗರ್ --ವಿತ್-ಪೈಡೀಬಗ್
ಮೇಕ್ -ಜೆ8

ಎಂಟರ ಬದಲು ನಿಮ್ಮ ಸಿಪಿಯುನಲ್ಲಿ ಎಷ್ಟು ಕೋರ್ ಇದೆಯೋ ಅಷ್ಟು ಹಾಕಿ. ಪೈಡೀಬಗ್ ಆಯ್ಕೆ ಮರೆಯಬೇಡಿ. ಅದನ್ನು ಹಾಕಿದರೆ ಸಿ ಕೋಡಿನ ಒಳಗಿನ ಅಸರ್ಟ್‌ಗಳೆಲ್ಲ (ತಪ್ಪು ಹಿಡಿಯುವ ತಪಾಸಣೆಗಳು) ಎಚ್ಚರವಾಗಿರುತ್ತವೆ, ರೆಫರೆನ್ಸ್ ಲೆಕ್ಕ (ಒಂದು ವಸ್ತು ಎಷ್ಟು ಕಡೆ ಬಳಕೆಯಲ್ಲಿದೆ ಅನ್ನುವ ಲೆಕ್ಕ) ತಪ್ಪಿದರೆ ಹಿಡಿಯೋಕೆ ಸಾಧ್ಯವಾಗುತ್ತೆ. ಬದಲಿಗೆ ಪೈಥಾನ್ ನಿಧಾನ ಆಗುತ್ತೆ. ಹಾಗಾಗಿ ಈ ಬಿಲ್ಡ್ ಇಟ್ಟುಕೊಂಡು ವೇಗ ಅಳೆಯೋಕೆ ಹೋಗಬೇಡಿ, "ನನ್ನ ಬದಲಾವಣೆಯಿಂದ ಇಷ್ಟು ಪಟ್ಟು ವೇಗ ಆಯ್ತು" ಅಂತ ಡೀಬಗ್ ಬಿಲ್ಡಿನ ಅಂಕಿ ತೋರಿಸಿದರೆ ಯಾರೂ ನಂಬೋದಿಲ್ಲ.

ಮುಗಿದ ಮೇಲೆ ./ಪೈಥಾನ್ ಅಂತ ಹೊಡೆದರೆ ನಿಮ್ಮದೇ ಪೈಥಾನ್ ತೆರೆದುಕೊಳ್ಳುತ್ತೆ. ಮ್ಯಾಕಿನಲ್ಲಿ ಅದರ ಹೆಸರು ಪೈಥಾನ್.ಎಕ್ಸ್ಇ ಆಗಿರುತ್ತೆ. ವಿಂಡೋಸ್ ಫೈಲ್ ಹೇಗೆ ಬಂತಪ್ಪಾ ಅಂತ ಗಾಬರಿ ಬೇಡ. ರೆಪೊ ಒಳಗೆ ದೊಡ್ಡ ಅಕ್ಷರದ ಪೈಥಾನ್ ಅನ್ನುವ ಫೋಲ್ಡರ್ ಇದೆ. ಮ್ಯಾಕಿನ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ದೊಡ್ಡ ಸಣ್ಣ ಅಕ್ಷರದ ವ್ಯತ್ಯಾಸ ನೋಡೋದಿಲ್ಲ. ಎರಡಕ್ಕೂ ಒಂದೇ ಹೆಸರು ಆಗಬಾರದು ಅಂತ ಬಾಲ ಸೇರಿಸಿದ್ದಾರೆ, ಅಷ್ಟೆ. ನಿಜವಾದ ವಿಂಡೋಸ್‌ನಲ್ಲಿ ವಿಷುವಲ್ ಸ್ಟುಡಿಯೋ ಬೇಕು. ಪಿಸಿಬಿಲ್ಡ್ ಫೋಲ್ಡರಿನ ಬಿಲ್ಡ್.ಬ್ಯಾಟ್ ಅನ್ನು -ಡಿ ಜೊತೆ ಓಡಿಸಿದರೆ ಡೀಬಗ್ ಬಿಲ್ಡ್ ಸಿಗುತ್ತೆ, ಬೇಕಾದ ಹೊರಗಿನ ಲೈಬ್ರರಿಗಳನ್ನು ಅದೇ ಇಳಿಸಿಕೊಳ್ಳುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ವಿಂಡೋಸಿಗೇ ಸಂಬಂಧಪಟ್ಟ ಬಗ್ ಹುಡುಕುತ್ತಿಲ್ಲ ಅಂದ್ರೆ ಡಬ್ಲ್ಯುಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಉಬುಂಟು ಹಾಕಿಕೊಂಡು ಮಾಡೋದು ಸಲೀಸು.

ಮೇಕ್ ಇನ್‌ಸ್ಟಾಲ್ ಮಾತ್ರ ಮಾಡಬೇಡಿ. ಬೇಕಾಗಿಯೇ ಇಲ್ಲ. ಬಿಲ್ಡ್ ಆದ ಪೈಥಾನ್ ಇದ್ದ ಜಾಗದಿಂದಲೇ ಓಡುತ್ತೆ. ಸಿಸ್ಟಮ್ಮಿನ ಪೈಥಾನ್ ಜೊತೆ ಅದನ್ನು ಕಲಸಿಬಿಟ್ಟರೆ ಆಮೇಲೆ ಬಿಡಿಸೋದು ತಲೆನೋವು.

ಕೈ ಆಡಿಸಿ ನೋಡಿ

ಯಾವ ಬಗ್ ತಗೊಳ್ಳೋದು ಅಂತ ಯೋಚಿಸುವ ಮೊದಲು ಸುಮ್ನೆ ಒಂದೆರಡು ಸಾಲು ಕೆಡಿಸಿ ನೋಡಿ. ಇದು ಎಲ್ಲಿಗೂ ಕಳಿಸೋಕಲ್ಲ, ಕೋಡಿನ ಭಯ ಹೋಗೋಕೆ.

ಆಬ್ಜೆಕ್ಟ್ಸ್ ಫೋಲ್ಡರಿನಲ್ಲಿ ಲಾಂಗ್‌ಆಬ್ಜೆಕ್ಟ್.ಸಿ ಅಂತ ಫೈಲ್ ಇದೆ. ಪೈಥಾನಿನ ಪೂರ್ಣಾಂಕ, ಅಂದರೆ ಇಂಟ್, ಇರೋದು ಅಲ್ಲಿ. ಹಳೆಯ ಪೈಥಾನಿನಲ್ಲಿ ಲಾಂಗ್ ಅಂತ ಬೇರೆ ಟೈಪ್ ಇತ್ತು, ಫೈಲಿನ ಹೆಸರು ಆಗಿನದ್ದೇ ಉಳಿದಿದೆ. ಅದರ ಒಳಗೆ 'ಡಿವಿಷನ್ ಬೈ ಜೀರೋ' ಅನ್ನುವ ದೋಷದ ಸಾಲನ್ನು ಹುಡುಕಿ. ಒಂದಕ್ಕಿಂತ ಹೆಚ್ಚು ಕಡೆ ಸಿಗುತ್ತೆ, ಎಲ್ಲ ಕಡೆ ಕೋಟ್ಸ್ ಒಳಗಿನ ಆ ಮಾತನ್ನಷ್ಟೇ ಅಳಿಸಿ "ಸೊನ್ನೆಯಿಂದ ಭಾಗಿಸೋಕಾಗಲ್ಲ" ಅಂತ ಬರೆಯಿರಿ. ಹೌದು, ಕನ್ನಡದಲ್ಲೇ. ಆ ಸಂದೇಶವನ್ನು ಸಿ ಕೋಡ್ ಯುಟಿಎಫ್-8 ಅಂತಲೇ ಓದುತ್ತೆ, ಫೈಲನ್ನು ಹಾಗೆ ಸೇವ್ ಮಾಡಿದ್ದರೆ ಸಾಕು. ಮತ್ತೆ ಮೇಕ್ ಹೊಡೆಯಿರಿ. ಈ ಸಲ ಬದಲಾದ ಫೈಲ್ ಮಾತ್ರ ಕಂಪೈಲ್ ಆಗೋದರಿಂದ ಬೇಗ ಮುಗಿಯುತ್ತೆ. ./ಪೈಥಾನ್ ತೆರೆದು 1/0 ಅಂತ ಟೈಪ್ ಮಾಡಿ. ಪೈಥಾನ್ ಕನ್ನಡದಲ್ಲಿ ಬೈಯುತ್ತೆ.

ಇನ್ನೊಂದು ಸ್ವಲ್ಪ ಆಳದ್ದು. ವ್ಯಾಕರಣವನ್ನೇ ಮುಟ್ಟೋಣ. ಗ್ರಾಮರ್ ಫೋಲ್ಡರಿನಲ್ಲಿ ಪೈಥಾನ್.ಗ್ರಾಮ್ ಅನ್ನುವ ಫೈಲ್ ಇದೆ, ಭಾಷೆಯ ವಾಕ್ಯರಚನೆ ಪೂರ್ತಿ ಅದರಲ್ಲಿದೆ. 2020ರಲ್ಲಿ ಬಂದ 3.9ನೇ ಆವೃತ್ತಿಯಲ್ಲಿ ಹಳೆಯ ಪಾರ್ಸರ್ (ಕೋಡನ್ನು ವ್ಯಾಕರಣದ ಪ್ರಕಾರ ಬಿಡಿಸಿ ಓದುವ ಭಾಗ) ಬದಲು ಪೆಗ್ ಅನ್ನುವ ಮಾದರಿಯ ಪಾರ್ಸರ್ ತಂದರು, ಆಗಿನಿಂದ ಈ ಫೈಲ್ ಓದೋಕೂ ಚೆನ್ನಾಗಿದೆ. ಇದರಲ್ಲಿ ಸಿಂಪಲ್ ಸ್ಟೇಟ್‌ಮೆಂಟ್ ನಿಯಮದ ಒಳಗೆ ಪಾಸ್ ಇರುವ ಸಾಲು ಸಿಗುತ್ತೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ. ಪಾಸ್ ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ 'ಸುಮ್ನೆ' ಇರಲಿ, ಮುಂದೆ ಬ್ರೇಸ್‌ಗಳ ಒಳಗೆ ಪಾಸ್‌ಗೆ ಏನು ನಡೆಯುತ್ತೋ ಅದೇ ನಡೆಯಲಿ (ಆ ಬ್ರೇಸ್ ಅದೇ ಸಾಲಿನಲ್ಲಿ ಕಾಣದಿದ್ದರೆ ಕೆಳಗೆ ಪಾಸ್‌ನದ್ದೇ ನಿಯಮದಲ್ಲಿ ಹುಡುಕಿ). ಆಮೇಲೆ ಮೇಕ್ ರೀಜೆನ್-ಆಲ್, ಮತ್ತೆ ಮೇಕ್. ಈ ರೀಜೆನ್ ಹಂತಕ್ಕೆ ಕಂಪ್ಯೂಟರಿನಲ್ಲಿ ಮೊದಲೇ ಒಂದು ಪೈಥಾನ್ ಇರಬೇಕು, ಅದು ತೀರಾ ಹಳೆಯದಾಗಿರಬಾರದು. ಈಗ ನಿಮ್ಮ ಪೈಥಾನಿನಲ್ಲಿ ಫಂಕ್ಷನ್ ಒಳಗೆ ಏನೂ ಇಲ್ಲದಿದ್ದರೆ 'ಸುಮ್ನೆ' ಅಂತ ಬರೆದು ಬಿಡಬಹುದು.

ಕನ್ನಡ ಲಿಪಿಯಲ್ಲೇ ಆ ಪದ ಕೊಟ್ಟರೆ? ಹಾಗೇ ಹಾಕಿದರೆ ನಡೆಯೋದಿಲ್ಲ. ವ್ಯಾಕರಣದಿಂದ ಪಾರ್ಸರ್ ತಯಾರಿಸುವ ಪೆಜೆನ್ ಅನ್ನುವ ಉಪಕರಣ ಇಂಗ್ಲಿಷ್ ಅಕ್ಷರದಿಂದ ಅಥವಾ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಪದವನ್ನು ಮಾತ್ರ ಕೀವರ್ಡ್ ಅಂತ ಲೆಕ್ಕಕ್ಕೆ ತಗೊಳ್ಳುತ್ತೆ. ಅದನ್ನು ಹೇಗೆ ಬದಲಿಸೋದು ಅಂತ ಹುಡುಕುತ್ತಾ ಹೋದರೆ ಒಂದು ವಾರಾಂತ್ಯ ಆರಾಮಾಗಿ ಕಳೆಯುತ್ತೆ, ಪಾರ್ಸರ್ ಬಗ್ಗೆ ತಿಳಿಯೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಆಟ ಮುಗಿದ ಮೇಲೆ ಗಿಟ್ ರಿಸ್ಟೋರ್ ಮಾಡಿ ಎಲ್ಲ ಮೊದಲಿನ ಹಾಗೆ ಮಾಡಿಡಿ.

ಇಷ್ಟು ಮಾಡುವಾಗಲೇ ಫೋಲ್ಡರುಗಳ ಪರಿಚಯ ಆಗಿರುತ್ತೆ. ಲಿಬ್ ಒಳಗೆ ಪೈಥಾನಿನಲ್ಲಿ ಬರೆದ ಲೈಬ್ರರಿ, ಅದರೊಳಗಿನ ಟೆಸ್ಟ್ ಫೋಲ್ಡರಿನಲ್ಲಿ ಪರೀಕ್ಷೆಗಳು. ಮಾಡ್ಯೂಲ್ಸ್ ಒಳಗೆ ಸಿ ಭಾಷೆಯ ಮಾಡ್ಯೂಲ್‌ಗಳು. ಆಬ್ಜೆಕ್ಟ್ಸ್ ಒಳಗೆ ಲಿಸ್ಟ್, ಡಿಕ್ಟ್, ಸ್ಟ್ರಿಂಗ್ ತರಹದ ಮೂಲ ಟೈಪ್‌ಗಳು. ದೊಡ್ಡ ಅಕ್ಷರದ ಪೈಥಾನ್ ಫೋಲ್ಡರಿನಲ್ಲಿ ಕಂಪೈಲರ್ ಮತ್ತು ಬೈಟ್‌ಕೋಡ್ ಓಡಿಸುವ ಭಾಗ. ಡಾಕ್ ಒಳಗೆ ದಾಖಲೆ. ಒಳಗಿನ ವಿನ್ಯಾಸದ ಬಗ್ಗೆ ಓದಬೇಕು ಅಂದ್ರೆ ಇಂಟರ್ನಲ್‌ಡಾಕ್ಸ್ ಫೋಲ್ಡರ್ ನೋಡಿ, ಎಷ್ಟೋ ಜನ ಅದು ಇದೆ ಅಂತಲೇ ಗಮನಿಸೋದಿಲ್ಲ.

ಟೆಸ್ಟ್ ಓಡಿಸೋದು

./ಪೈಥಾನ್ -ಎಂ ಟೆಸ್ಟ್ -ಜೆ0

ಇದು ಎಲ್ಲ ಪರೀಕ್ಷೆಗಳನ್ನೂ ಇರುವ ಕೋರ್‌ಗಳಿಗೆಲ್ಲ ಹಂಚಿ ಓಡಿಸುತ್ತೆ. ಏನನ್ನೂ ಬದಲಿಸುವ ಮೊದಲೇ ಒಂದು ಸಲ ಓಡಿಸಿ ಫಲಿತಾಂಶ ಬರೆದಿಟ್ಟುಕೊಳ್ಳಿ. ಆಫೀಸಿನ ನೆಟ್‌ವರ್ಕ್, ಫೈರ್‌ವಾಲ್, ವಿಚಿತ್ರ ಟೈಮ್‌ಜೋನ್ ಇವುಗಳಿಂದ ಒಂದೆರಡು ಟೆಸ್ಟ್ ಮೊದಲೇ ಫೇಲ್ ಆಗುತ್ತಿರಬಹುದು. ಅದು ನಿಮ್ಮಿಂದ ಆದದ್ದಲ್ಲ ಅಂತ ಆಮೇಲೆ ತಿಳಿಯಬೇಕಲ್ಲ.

ದಿನದ ಕೆಲಸದಲ್ಲಿ ಎಲ್ಲವನ್ನೂ ಓಡಿಸುವ ಅಗತ್ಯ ಇಲ್ಲ. ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೌಲಭ್ಯ) ಮುಟ್ಟಿದ್ದರೆ ಅದೇ ಕಮಾಂಡಿನ ಕೊನೆಗೆ ಟೆಸ್ಟ್_ಆರ್‌ಇ ಅಂತ ಹೆಸರು ಕೊಡಿ, ಸಾಕು. ಸಿ ಕೋಡ್ ಮುಟ್ಟಿದ್ದರೆ ಮಾತ್ರ -ಆರ್ 3:3 ಸೇರಿಸಿ ಇನ್ನೊಂದು ಸಲ ಓಡಿಸಿ. ಅದು ಟೆಸ್ಟನ್ನು ಮತ್ತೆ ಮತ್ತೆ ಓಡಿಸಿ ರೆಫರೆನ್ಸ್ ಸೋರುತ್ತಿದೆಯಾ ಅಂತ ನೋಡುತ್ತೆ. ಡೀಬಗ್ ಬಿಲ್ಡ್ ಇದ್ದರೆ ಮಾತ್ರ ಇದು ನಡೆಯೋದು.

ಏನು ತಗೊಳ್ಳಬೇಕು

ಇಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳೋದು. 'ಈಸಿ' ಅನ್ನುವ ಲೇಬಲ್ ಇರುವ ಇಶ್ಯೂ (ಗಿಟ್‌ಹಬ್‌ನಲ್ಲಿ ದಾಖಲಾದ ಬಗ್ ಅಥವಾ ಸಲಹೆ) ಹುಡುಕಿ ಹೋಗ್ತಾರೆ, ಅಷ್ಟರಲ್ಲಿ ಅದಕ್ಕೆ ಮೂರು ಜನ ಪುಲ್ ರಿಕ್ವೆಸ್ಟ್ (ನನ್ನ ಪ್ಯಾಚ್ ಒಳಗೆ ತಗೊಳ್ಳಿ ಅನ್ನುವ ಕೋರಿಕೆ) ಕಳಿಸಿಯಾಗಿರುತ್ತೆ. ಯಾರೋ ಕೆಲಸ ಮಾಡುತ್ತಿರುವ ಇಶ್ಯೂಗೆ ಇನ್ನೊಂದು ಪುಲ್ ರಿಕ್ವೆಸ್ಟ್ ತಂದು ಹಾಕಬೇಡಿ. ಓದುವವರ ಸಮಯ ಎರಡು ಪಟ್ಟು ಹಾಳಾಗುತ್ತೆ, ಮೊದಲು ಬರೆದವರಿಗೆ ಬೇಜಾರು ಬೇರೆ.

ಬದಲಿಗೆ ಹಳೆಯ ಇಶ್ಯೂಗಳನ್ನು ತೆರೆದು, ಅಲ್ಲಿ ಹೇಳಿದ ಬಗ್ ಇವತ್ತಿನ ಮೇನ್ ಬ್ರಾಂಚಿನಲ್ಲೂ (ಹೊಸ ಕೆಲಸ ಸೇರುವ ಮುಖ್ಯ ಕವಲು) ಇದೆಯಾ ಅಂತ ನಿಮ್ಮ ಬಿಲ್ಡಿನಲ್ಲಿ ಓಡಿಸಿ ನೋಡಿ. ಇದ್ದರೆ ಯಾವ ಓಎಸ್, ಯಾವ ಕಮಿಟ್, ಎಷ್ಟು ಚಿಕ್ಕ ಕೋಡಿನಲ್ಲಿ ಮರುಕಳಿಸುತ್ತೆ ಅಂತ ಬರೆಯಿರಿ. ಇಲ್ಲದಿದ್ದರೆ ಅದನ್ನೂ ಬರೆಯಿರಿ. ಗಿಟ್‌ಹಬ್ ಪ್ರೊಫೈಲಿನಲ್ಲಿ ಹಸಿರು ಚೌಕ ಮೂಡದೇ ಇರಬಹುದು, ಆದರೆ ಸಾವಿರಾರು ತೆರೆದ ಇಶ್ಯೂ ಇರುವ ಯೋಜನೆಗೆ ಇದು ನಿಜವಾದ ಸಹಾಯ. ಹೀಗೆ ಒಳ್ಳೆಯ ಕೆಲಸ ಮಾಡ್ತಾ ಹೋದವರಿಗೆ ಟ್ರಯಾಜ್ ಹಕ್ಕು (ಇಶ್ಯೂಗಳಿಗೆ ಲೇಬಲ್ ಹಾಕುವ, ಮುಚ್ಚುವ ಅಧಿಕಾರ) ಕೊಡುವ ಪದ್ಧತಿಯೂ ಇದೆ.

ಡಾಕ್ಯುಮೆಂಟೇಶನ್ ಅಂದ್ರೆ ಕೀಳು ಅಂತ ಅಂದುಕೊಳ್ಳಬೇಡಿ. ಒಂದು ಫಂಕ್ಷನ್ ಬಗ್ಗೆ ಓದಿ ನಿಮಗೆ ಅರ್ಥ ಆಗಲಿಲ್ಲ, ಆಮೇಲೆ ಕೋಡ್ ನೋಡಿ ಅರ್ಥ ಆಯ್ತು ಅಂದ್ರೆ ಅಲ್ಲೊಂದು ಪ್ಯಾಚ್ ಇದೆ. ಡಾಕ್ ಫೋಲ್ಡರಿನೊಳಗೆ ಮೇಕ್ ಹೆಚ್‌ಟಿಎಂಎಲ್ ಅಂತ ಹೊಡೆದರೆ ಪುಟಗಳು ತಯಾರಾಗುತ್ತವೆ, ಬ್ರೌಸರಿನಲ್ಲಿ ನೋಡಿ ಕಳಿಸಿ.

ಬೇಡದ ಕೆಲಸ ಯಾವುದು ಅಂತಲೂ ಹೇಳಿಬಿಡ್ತೀನಿ. ಸ್ಪೇಸ್ ಸರಿ ಮಾಡೋದು, ಹಳೆಯ ಸ್ಟೈಲಿನ ಸ್ಟ್ರಿಂಗನ್ನು ಹೊಸ ಸ್ಟೈಲಿಗೆ ಬದಲಿಸೋದು, ವೇರಿಯಬಲ್ ಹೆಸರು ಚಂದ ಮಾಡೋದು. ಇವನ್ನು ಸಾಮಾನ್ಯವಾಗಿ ತಗೊಳ್ಳೋದಿಲ್ಲ. ಓದುವವರ ಸಮಯ ತಿನ್ನುತ್ತೆ, ಇತಿಹಾಸ ನೋಡುವಾಗ ನಿಜವಾದ ಕಾರಣದ ಮೇಲೆ ಪದರ ಕೂರುತ್ತೆ, ಹಳೆಯ ಬ್ರಾಂಚಿಗೆ ಫಿಕ್ಸ್ ಒಯ್ಯುವಾಗ ಕಾನ್‌ಫ್ಲಿಕ್ಟ್ (ಒಂದೇ ಸಾಲಿನ ಎರಡು ಬದಲಾವಣೆಗಳ ಘರ್ಷಣೆ) ಬರುತ್ತೆ. ಎಐ ಬರೆದುಕೊಟ್ಟ ಪ್ಯಾಚನ್ನು ಓದದೇ ಕಳಿಸೋದೂ ಇದೇ ಸಾಲಿಗೆ ಸೇರುತ್ತೆ. ರಿವ್ಯೂ ಮಾಡುವವರು "ಈ ಸಾಲು ಯಾಕೆ?" ಅಂತ ಕೇಳಿದಾಗ ಉತ್ತರ ನಿಮ್ಮ ಹತ್ತಿರ ಇರಬೇಕು, ಚಾಟ್ ವಿಂಡೋ ಹತ್ತಿರ ಅಲ್ಲ.

ಕನ್ನಡ ಬಲ್ಲವರಿಗೆ ಕಾಣುವ ಮೂಲೆಗಳು

ನಿಮ್ಮ ಬಿಲ್ಡಿನಲ್ಲಿ ಇದನ್ನು ಟೈಪ್ ಮಾಡಿ:

ಬೆಲೆ = 40
ಒಟ್ಟು = ಬೆಲೆ * 3

ಇದು ಸರಿಯಾದ ಪೈಥಾನ್. 2008ರಲ್ಲಿ ಬಂದ 3.0 ಆವೃತ್ತಿಯಿಂದ ವೇರಿಯಬಲ್ ಹೆಸರು ಕನ್ನಡದಲ್ಲಿ ಇಡಬಹುದು. ಇಂಟ್ ಫಂಕ್ಷನ್ನಿಗೆ '೧೨೩' ಅನ್ನುವ ಸ್ಟ್ರಿಂಗ್ ಕೊಟ್ಟರೆ 123 ಬರುತ್ತೆ. ಆದರೆ ಕೋಟ್ಸ್ ಇಲ್ಲದೆ ನೇರ ೧೨೩ ಅಂತ ಬರೆದರೆ ಸಿಂಟ್ಯಾಕ್ಸ್ ಎರರ್. 'ಸಾಫ್ಟ್‌ವೇರ್' ಅಂತ ವೇರಿಯಬಲ್ ಇಟ್ಟರೂ ಎರರ್, ಯಾಕಂದ್ರೆ ಟ ಒತ್ತಾದ ಮೇಲೆ ವ ಒತ್ತು ಬೀಳದಂತೆ ತಡೆಯೋಕೆ ನಡುವೆ ಒಂದು ಕಾಣದ ಅಕ್ಷರ ಇದೆ, ಕಾಣದ ಅಕ್ಷರವನ್ನು ಹೆಸರಿನಲ್ಲಿ ಪೈಥಾನ್ ಒಪ್ಪೋದಿಲ್ಲ. ಒಂದೇ ಥರ ಕಾಣುವ ಎರಡು ಹೆಸರು ಬೇರೆ ಬೇರೆ ಆಗಿದ್ದರೆ ಅಪಾಯ ಅಲ್ವಾ, ಹಾಗಾಗಿ ಆ ನಿರ್ಧಾರ ನನಗೆ ಸರಿ ಅನ್ನಿಸುತ್ತೆ.

ಈಗ ನಿಜವಾಗಿ ಕಿರಿಕಿರಿ ಮಾಡುವ ವಿಷಯ. 'ಮೈಸೂರು' ಅನ್ನುವ ಸ್ಟ್ರಿಂಗಿನ ಮೇಲೆ, ಇದು ವೇರಿಯಬಲ್ ಹೆಸರಾಗಬಹುದಾ ಅಂತ ನೋಡುವ ಈಸ್‌ಐಡೆಂಟಿಫೈಯರ್ ಕರೆದರೆ ಟ್ರೂ. ಎಲ್ಲ ಅಕ್ಷರಗಳೇನಾ ಅಂತ ನೋಡುವ ಈಸ್‌ಆಲ್ಫಾ ಕರೆದರೆ ಫಾಲ್ಸ್! ರೆಗ್ಯುಲರ್ ಎಕ್ಸ್‌ಪ್ರೆಷನ್ ಮಾಡ್ಯೂಲಿನಲ್ಲಿ ಪದ ಹುಡುಕುವ \ಡಬ್ಲ್ಯು+ ಹಾಕಿ ನೋಡಿದರೆ 'ಮೈಸೂರು' ಒಂದು ಪದವಾಗಿ ಸಿಗೋದಿಲ್ಲ, ಮ, ಸ, ರ ಅಂತ ಮೂರು ಚೂರಾಗುತ್ತೆ. 'ಕನ್ನಡ' ಅನ್ನೋದು 'ಕನ' ಮತ್ತು 'ನಡ' ಆಗುತ್ತೆ. ಕಾರಣ ಸರಳ. ಯೂನಿಕೋಡ್ ವರ್ಗೀಕರಣದಲ್ಲಿ ಕಾಗುಣಿತದ ಚಿಹ್ನೆಗಳೂ ಹಲಂತವೂ (್) 'ಅಕ್ಷರ' ಅಲ್ಲ, 'ಗುರುತು' ಅನ್ನುವ ಬೇರೆ ವರ್ಗ. ಪೈಥಾನಿನ ಈಸ್‌ಆಲ್ಫಾ 'ಅಕ್ಷರ' ವರ್ಗವನ್ನು ಮಾತ್ರ ನೋಡುತ್ತೆ, ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಪದದ ಲೆಕ್ಕವೂ ಅದರ ಮೇಲೇ ನಿಂತಿದೆ.

ತಕ್ಷಣ ಬಗ್ ರಿಪೋರ್ಟ್ ಹಾಕೋಣ ಅನ್ನಿಸುತ್ತೆ. ತಡೆಯಿರಿ. ಮೊದಲು ದಾಖಲೆ ಓದಿ. ಈಸ್‌ಆಲ್ಫಾ ಬಗ್ಗೆ ಇರುವ ಟಿಪ್ಪಣಿಯಲ್ಲೇ ನಾವು ನೋಡೋದು ಅಕ್ಷರ ವರ್ಗವನ್ನು, ಯೂನಿಕೋಡಿನ 'ಆಲ್ಫಬೆಟಿಕ್' ಗುಣವನ್ನಲ್ಲ ಅಂತ ಬರೆದಿದ್ದಾರೆ. ಅಂದರೆ ಬರೆದ ಹಾಗೇ ನಡೀತಿದೆ. ಆಮೇಲೆ ಇಶ್ಯೂಗಳಲ್ಲಿ ಹುಡುಕಿ: ಪದ ಚೂರಾಗುವ ವಿಷಯ 2011ರಲ್ಲೇ ದಾಖಲಾಗಿದೆ. ಅದನ್ನು ಪೂರ್ತಿ ಓದಿ. ಬದಲಿಸಿದರೆ ಇವತ್ತು ಸರಿಯಾಗಿ ಓಡುತ್ತಿರುವ ಯಾರ ಪ್ರೋಗ್ರಾಮ್ ಮುರಿಯುತ್ತೆ, ವೇಗ ಏನಾಗುತ್ತೆ, ಹಳೆಯ ನಡವಳಿಕೆ ಬೇಕಾದವರಿಗೆ ದಾರಿ ಏನು ಅನ್ನುವ ಪ್ರಶ್ನೆಗಳಿಗೆ ಉತ್ತರ ಇಲ್ಲದೆ ಹತ್ತು ಸಾಲಿನ ಪ್ಯಾಚ್ ಕಳಿಸಿದರೆ ಯಾರೂ ಮುಟ್ಟೋದಿಲ್ಲ, ಯಾಕಂದ್ರೆ ಕೋಡ್ ಬರೆಯೋದು ಇಲ್ಲಿ ಸಮಸ್ಯೆಯೇ ಅಲ್ಲ. ಸದ್ಯಕ್ಕೆ ನಿಮ್ಮ ಕೆಲಸ ಆಗಬೇಕು ಅಂದ್ರೆ ರೆಗೆಕ್ಸ್ ಅನ್ನುವ ಬೇರೆ ಪ್ಯಾಕೇಜ್ ಹಾಕಿಕೊಳ್ಳಿ, ಅದು ಈ ಗುರುತುಗಳನ್ನೂ ಪದದ ಭಾಗವಾಗಿ ನೋಡುತ್ತೆ.

ಆದರೂ ಈ ಮೂಲೆಯಲ್ಲಿ ಮಾಡೋಕೆ ಕೆಲಸ ಇದೆ. ಲಿಬ್‌ನ ಟೆಸ್ಟ್ ಫೋಲ್ಡರಿನಲ್ಲಿ ಸ್ಟ್ರಿಂಗ್ ಸಂಬಂಧದ ಪರೀಕ್ಷೆಗಳನ್ನು ಓದಿ, ಭಾರತೀಯ ಲಿಪಿಗಳು ಎಲ್ಲೆಲ್ಲಿ ಬಂದಿವೆ, ಎಲ್ಲಿ ಬಂದಿಲ್ಲ ಅಂತ ನೋಡಿ. ಪಠ್ಯವನ್ನು ಸಾಲಿಗೆ ಮುರಿಯುವ, ಕಾಲಮ್ಮಿಗೆ ಹೊಂದಿಸುವ ಮಾಡ್ಯೂಲ್‌ಗಳಿಗೆ ಕನ್ನಡ ಕೊಟ್ಟು ನೋಡಿ. 'ಕನ್ನಡ' ಪದದ ಉದ್ದ ಎಷ್ಟು ಅಂತ ಕೇಳಿದರೆ ಪೈಥಾನ್ 5 ಅನ್ನುತ್ತೆ, ಕಣ್ಣಿಗೆ ಕಾಣೋದು ಮೂರು. ಈ ವ್ಯತ್ಯಾಸ ಇರುವ ಕಡೆಯೆಲ್ಲ ಏನಾದರೂ ಎಡವಟ್ಟು ಇರುವ ಸಾಧ್ಯತೆ ಜಾಸ್ತಿ, ಅದು ಇಂಗ್ಲಿಷ್ ಮಾತ್ರ ಟೈಪ್ ಮಾಡುವವರ ಕಣ್ಣಿಗೆ ಬೀಳೋದಿಲ್ಲ.

ಪ್ಯಾಚ್ ಕಳಿಸುವ ಕ್ರಮ

ಮೇನ್ ಬ್ರಾಂಚನ್ನು ಅಪ್‌ಸ್ಟ್ರೀಮಿನಿಂದ ತಾಜಾ ಮಾಡಿಕೊಂಡು ಹೊಸ ಬ್ರಾಂಚ್ ಮಾಡಿ. ಮೊದಲು ಟೆಸ್ಟ್ ಬರೆಯಿರಿ, ಅದು ಫೇಲ್ ಆಗೋದು ನೋಡಿ, ಆಮೇಲೆ ಫಿಕ್ಸ್ ಮಾಡಿ. ಟೆಸ್ಟ್ ಇಲ್ಲದ ಬಗ್ ಫಿಕ್ಸ್ ಬಂದರೆ ರಿವ್ಯೂ ಮಾಡುವವರು ತಾವೇ ಅದನ್ನು ಓಡಿಸಿ ನೋಡಬೇಕಾಗುತ್ತೆ, ಅಲ್ಲಿಗೆ ನಿಮ್ಮ ಪ್ಯಾಚ್ ಸಾಲಿನಲ್ಲಿ ಹಿಂದೆ ಹೋಯ್ತು ಅಂತ ಲೆಕ್ಕ. ಮುಗಿದ ಮೇಲೆ ಮೇಕ್ ಪ್ಯಾಚ್‌ಚೆಕ್ ಓಡಿಸಿ.

ಬಳಸುವವರಿಗೆ ವ್ಯತ್ಯಾಸ ಕಾಣುವ ಬದಲಾವಣೆ ಆಗಿದ್ದರೆ ನ್ಯೂಸ್ ಸಾಲು (ಬದಲಾವಣೆಗಳ ಪಟ್ಟಿಗೆ ಸೇರುವ ಟಿಪ್ಪಣಿ) ಬೇಕು. ಪಿಪ್‌ನಿಂದ ಬ್ಲರ್ಬ್ ಅನ್ನುವ ಉಪಕರಣ ಹಾಕಿಕೊಂಡರೆ ಅದೇ ಇಶ್ಯೂ ಸಂಖ್ಯೆ, ವಿಭಾಗ ಕೇಳಿ ಸರಿಯಾದ ಜಾಗದಲ್ಲಿ ಫೈಲ್ ಮಾಡಿಡುತ್ತೆ. "ಇಂಥ ಫಂಕ್ಷನ್ ಬದಲಿಸಿದೆ" ಅಂತ ಬರೆಯಬೇಡಿ. ಪೈಥಾನ್ ಬಳಸುವವರಿಗೆ ಏನು ಸರಿಯಾಯ್ತು ಅಂತ ಒಂದೆರಡು ವಾಕ್ಯ ಬರೆಯಿರಿ. ಮಿಸ್ಕ್ ಫೋಲ್ಡರಿನಲ್ಲಿ ಆಕ್ಸ್ ಅನ್ನುವ ಫೈಲಿದೆ, ಕೊಡುಗೆ ಕೊಟ್ಟವರ ಪಟ್ಟಿ. ಸಣ್ಣ ಅಕ್ಷರದೋಷ ಅಲ್ಲದಿದ್ದರೆ ನಿಮ್ಮ ಹೆಸರನ್ನೂ ಅಕಾರಾದಿಯಲ್ಲಿ ಸರಿಯಾದ ಕಡೆ ಸೇರಿಸಿ, ಸಂಕೋಚ ಬೇಡ.

ಪುಲ್ ರಿಕ್ವೆಸ್ಟಿನ ಶೀರ್ಷಿಕೆ ಜಿಹೆಚ್, ಅಡ್ಡಗೆರೆ, ಇಶ್ಯೂ ಸಂಖ್ಯೆ, ಕೋಲನ್, ಆಮೇಲೆ ವಿಷಯ, ಹೀಗೆ ಶುರುವಾಗಬೇಕು. ಇಲ್ಲದಿದ್ದರೆ ಬಾಟ್ (ತಾನಾಗೇ ಕೆಲಸ ಮಾಡುವ ಪ್ರೋಗ್ರಾಮ್) ಕೆಂಪು ಗುರುತು ಹಾಕುತ್ತೆ. ಮೊದಲ ಸಲ ಕಳಿಸಿದಾಗ ಇನ್ನೊಂದು ಬಾಟ್ ಬಂದು ಕೊಡುಗೆದಾರರ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕಿ ಅನ್ನುತ್ತೆ. ಆನ್‌ಲೈನಿನಲ್ಲೇ ಆಗುತ್ತೆ. ಕಮಿಟ್‌ನಲ್ಲಿರುವ ಇಮೇಲ್ ಗಿಟ್‌ಹಬ್ ಖಾತೆಯದ್ದೇ ಆಗಿರಲಿ.

ಸಹಿ ಹಾಕುವ ಮೊದಲು ಒಂದು ವಿಷಯ, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರು ಗಮನವಿಟ್ಟು ಓದಿ. ನಿಮ್ಮ ಆಫರ್ ಲೆಟರಿನ ಜೊತೆ ಸಹಿ ಮಾಡಿದ ಕಾಗದಗಳಲ್ಲಿ "ಕೆಲಸದಲ್ಲಿರುವಾಗ ಬರೆದ ಕೋಡೆಲ್ಲ ಕಂಪನಿಯದ್ದು" ಅನ್ನುವ ಅರ್ಥದ ಷರತ್ತು ಇರಬಹುದು, ಕೆಲವು ಕಡೆ ಮನೆಯಲ್ಲಿ, ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದದ್ದಕ್ಕೂ ಅದು ತಗಲುವ ಹಾಗೆ ಬರೆದಿರ್ತಾರೆ. ಒಪ್ಪಂದಕ್ಕೆ ಸಹಿ ಹಾಕೋದು ಅಂದ್ರೆ ಈ ಕೋಡನ್ನು ಕೊಡುವ ಹಕ್ಕು ನನಗಿದೆ ಅಂತ ಹೇಳಿದಂತೆ. ಮ್ಯಾನೇಜರಿಗೆ ಬಾಯಿಮಾತಲ್ಲಿ ಹೇಳಿ ಸುಮ್ನಾಗಬೇಡಿ, ಇಮೇಲ್ ಮಾಡಿ ಉತ್ತರ ತರಿಸಿ ಇಟ್ಟುಕೊಳ್ಳಿ.

ಹೊಸ ಫೀಚರ್ ತರಬೇಕು ಅಂತಿದ್ದರೆ ದಾರಿ ಬೇರೆ. ಕೋಡ್ ಮೊದಲು ಬರೆಯಬೇಡಿ. ಪೈಥಾನಿನ ಚರ್ಚಾ ತಾಣದ ಐಡಿಯಾಸ್ ವಿಭಾಗದಲ್ಲಿ ಕೇಳಿ. ಭಾಷೆಯನ್ನೇ ಬದಲಿಸುವಂಥದ್ದಾದರೆ ಪೆಪ್ ಅನ್ನುವ ಪ್ರಸ್ತಾವನೆ ಬರೆಯಬೇಕು, ಅದಕ್ಕೆ ಒಬ್ಬ ಕೋರ್ ಡೆವಲಪರ್ (ಮುಖ್ಯ ಕೋಡಿಗೆ ಬದಲಾವಣೆ ಸೇರಿಸುವ ಹಕ್ಕಿರುವವರು) ಬೆಂಬಲ ಬೇಕು. ಒಪ್ಪುವುದು ಬಿಡುವುದು ಐದು ಜನರ ಸ್ಟೀರಿಂಗ್ ಕೌನ್ಸಿಲ್ ಕೈಯಲ್ಲಿದೆ. ಮೊದಲು ಅದು ಗೀಡೊ ಒಬ್ಬರ ಕೈಯಲ್ಲಿತ್ತು. ವಾಲ್ರಸ್ ಆಪರೇಟರ್ (:= ಅನ್ನುವ ಚಿಹ್ನೆ) ಬಗ್ಗೆ ಜಗಳ ಜೋರಾದ ಮೇಲೆ 2018ರ ಜುಲೈನಲ್ಲಿ ಅವರು ಆ ಸ್ಥಾನ ಬಿಟ್ಟರು, 2019ರಿಂದ ಕೌನ್ಸಿಲ್ ಬಂತು. ಎರಡು ಅಕ್ಷರದ ಆಪರೇಟರಿಗೆ ಅಷ್ಟು ಗಲಾಟೆ ಆಗಿದೆ ಅಂದ್ರೆ, ನಿಮ್ಮ ಪ್ರಸ್ತಾವನೆಗೆ ಎಷ್ಟು ತಾಳ್ಮೆ ಬೇಕು ಅಂತ ಊಹಿಸಿಕೊಳ್ಳಿ.

ಕಳಿಸಿದ ಮೇಲೆ

ಕಾಯಬೇಕು. ವಾರಗಟ್ಟಲೆ ಯಾರೂ ಮಾತಾಡದೇ ಇರಬಹುದು. ಒಂದು ತಿಂಗಳು ಕಳೆದರೂ ಸುದ್ದಿ ಇಲ್ಲದಿದ್ದರೆ ಒಂದು ಸಾಲಿನಲ್ಲಿ ಮೃದುವಾಗಿ ನೆನಪಿಸಿ. ದಿನ ಬಿಟ್ಟು ದಿನ "ಎನಿ ಅಪ್‌ಡೇಟ್?" ಅಂತ ಕೇಳಿದರೆ ಇಶ್ಯೂ ಹಿಂಬಾಲಿಸುವವರಿಗೆಲ್ಲ ಇಮೇಲ್ ಹೋಗುತ್ತೆ. ಈ ನಡುವೆ ಬೇರೆಯವರ ಪುಲ್ ರಿಕ್ವೆಸ್ಟ್ ಇಳಿಸಿ, ಬಿಲ್ಡ್ ಮಾಡಿ, ಪರೀಕ್ಷಿಸಿ ಅಭಿಪ್ರಾಯ ಬರೆಯಿರಿ. ನೀವು ಕೋರ್ ಡೆವಲಪರ್ ಅಲ್ಲದಿದ್ದರೂ ಅದಕ್ಕೆ ಬೆಲೆ ಇದೆ. ಒಬ್ಬರೇ ಕೂತು ಬೇಜಾರಾದರೆ ಬೆಂಗಳೂರಿನಲ್ಲಿ ಬ್ಯಾಂಗ್‌ಪೈಪರ್ಸ್ ಅನ್ನುವ ಪೈಥಾನ್ ಗುಂಪು ಇದೆ, ಪೈಕಾನ್ ಇಂಡಿಯಾ ಸಮ್ಮೇಳನ 2009ರಲ್ಲಿ ಮೊದಲ ಸಲ ನಡೆದದ್ದೂ ಇದೇ ಊರಲ್ಲಿ.

ರಿವ್ಯೂನಲ್ಲಿ ಬದಲಾವಣೆ ಕೇಳಿದರೆ ಹೊಸ ಕಮಿಟ್ ಆಗಿ ಸೇರಿಸಿ. ಫೋರ್ಸ್ ಪುಶ್ ಮಾಡಿ ಹಳೆಯ ಕಮಿಟ್‌ಗಳ ಮೇಲೆ ಬರೆಯಬೇಡಿ, ಹಾಗೆ ಮಾಡಿದರೆ ಹಿಂದಿನ ಸಲ ನೋಡಿದ್ದು ಎಲ್ಲಿ, ಹೊಸದು ಎಲ್ಲಿ ಅಂತ ಅವರಿಗೆ ತಿಳಿಯೋದಿಲ್ಲ. ಕೊನೆಗೆ ಎಲ್ಲ ಕಮಿಟ್‌ಗಳನ್ನೂ ಒಂದಾಗಿ ಮಡಚಿಯೇ ಮರ್ಜ್ ಮಾಡ್ತಾರೆ (ಮುಖ್ಯ ಕೋಡಿಗೆ ಸೇರಿಸ್ತಾರೆ), ಹಾಗಾಗಿ ನಿಮ್ಮ ಬ್ರಾಂಚಿನ ಇತಿಹಾಸ ಚಂದ ಇರಬೇಕಾಗಿಲ್ಲ. ಕೋರ್ ಡೆವಲಪರ್ ಬದಲಾವಣೆ ಕೇಳಿದಾಗ ಬಾಟ್ ಒಂದು ಇಂಗ್ಲಿಷ್ ವಾಕ್ಯ ಕೊಡುತ್ತೆ, ಕೆಲಸ ಮುಗಿದ ಮೇಲೆ ಅದನ್ನು ಇದ್ದ ಹಾಗೇ ಕಾಮೆಂಟಿನಲ್ಲಿ ಪೇಸ್ಟ್ ಮಾಡಿ. ಆಗ ಲೇಬಲ್ ಬದಲಾಗಿ ನಿಮ್ಮದು ಮತ್ತೆ ರಿವ್ಯೂ ಸಾಲಿಗೆ ಬರುತ್ತೆ. ಎಷ್ಟೋ ಜನ ಇದನ್ನು ಮರೆತು ಕಾಯ್ತಾ ಕೂತಿರ್ತಾರೆ.

ಮರ್ಜ್ ಆದ ಕೂಡಲೇ ಎಲ್ಲರ ಪೈಥಾನಿಗೂ ಬಂದುಬಿಡೋದಿಲ್ಲ. ಹೊಸ ಆವೃತ್ತಿ ವರ್ಷಕ್ಕೊಂದು, ಅಕ್ಟೋಬರಿನಲ್ಲಿ. ಬಗ್ ಫಿಕ್ಸ್ ಆಗಿದ್ದರೆ ಈಗ ಬಳಕೆಯಲ್ಲಿರುವ ಆವೃತ್ತಿಗಳಿಗೂ ಒಯ್ಯಬಹುದು, ಹೊಸ ಫೀಚರ್ ಆದರೆ ಇಲ್ಲ. ಬ್ಯಾಕ್‌ಪೋರ್ಟ್ ಲೇಬಲ್ ಇದ್ದರೆ ಬಾಟ್ ತಾನೇ ಹಳೆಯ ಬ್ರಾಂಚಿಗೆ ಪುಲ್ ರಿಕ್ವೆಸ್ಟ್ ತೆರೆಯುತ್ತೆ. ಕಾನ್‌ಫ್ಲಿಕ್ಟ್ ಬಂದು ಅದಕ್ಕೆ ಆಗಲಿಲ್ಲ ಅಂದ್ರೆ ಚೆರ್ರಿ ಪಿಕ್ಕರ್ ಅನ್ನುವ ಉಪಕರಣ ಬಳಸಿ ನೀವೇ ಮಾಡಬಹುದು, ಮಾಡಿದರೆ ಮರ್ಜ್ ಮಾಡಿದವರಿಗೆ ಅಷ್ಟು ಕೆಲಸ ಉಳಿಯುತ್ತೆ. ಆಮೇಲೆ ನಿಮ್ಮ ಬ್ರಾಂಚ್ ಅಳಿಸಿ, ಮೇನ್ ಪುಲ್ ಮಾಡಿ, ಮತ್ತೆ ಮೇಕ್ ಹೊಡೆಯಿರಿ.